ಬೆಮರಿ ಬೆವರಿದರೆ ಒರೆಸುವವರಿಗೆ

ಮಾನ್ಯ ಲೋಹಾಧಿಕಾರಿಗಳೇ,

ನನ್ನ ಮಗಳ ಕೊರಳಿನಿಂದ ನಿಮ್ಮ ಇಲಾಖೆ ಬಿಚ್ಚಿಸಿಕೊಂಡ ಬೆಮರಿ ಗುಂಡನ್ನು ಹಿಂದಕ್ಕೆ ಕೊಡಿ. ಅವಳದ್ದನ್ನು ಮಾತ್ರವಲ್ಲ, ಅವಳ ಜೊತೆ ಗಣಿಗೆ ಇಳಿಯುವ ಎಲ್ಲರದ್ದನ್ನೂ ಕೊಡಿ. ಕೊಡುವವರೆಗೆ ಹೊಸ ಸುರಂಗದ ಬಾಯಿಗೆ ಬೀಗ ಹಾಕಿಸಿ. ಇಷ್ಟು ಹೇಳುವುದಕ್ಕೆ ನಾನು ನಿಮ್ಮ ಕಚೇರಿಯ ಮೆಟ್ಟಿಲುಗಳನ್ನು ಸಾಕಷ್ಟು ಸವೆಸಿದ್ದೇನೆ. ಅಲ್ಲಿ ಕೇಳುವ ಕಿವಿ ಸಿಗಲಿಲ್ಲವಾದ್ದರಿಂದ ಈ ಪತ್ರವನ್ನು ಪೇಟೆಯ ಗೋಡೆಗಳಿಗೆಲ್ಲ ಅಂಟಿಸುತ್ತಿದ್ದೇನೆ. ನಿಮ್ಮ ಕಚೇರಿಯ ಗೋಡೆಯೊಂದನ್ನು ಮಾತ್ರ ಬಿಟ್ಟಿದ್ದೇನೆ. ಆ ಗೋಡೆಯ ಮೇಲೆ ನನಗೆ ನಂಬಿಕೆಯಿಲ್ಲ. ಏಕೆಂದು ಮುಂದೆ ಹೇಳುತ್ತೇನೆ.

ನಾನು ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ, ನನ್ನ ಕೈಕೆಲಸ ಮಾತ್ರ ದಿನವೂ ತಮ್ಮ ಕೈಗೆ ಸಿಗುತ್ತದೆ. ಕಚೇರಿಯ ಪರದೆ, ಮೇಜಿನ ಹಾಸು, ಊಟವಾದ ಮೇಲೆ ತಾವು ಬಾಯೊರೆಸಿಕೊಳ್ಳುವ ಟವೆಲ್ಲು, ಎಲ್ಲವೂ ತಿರುವಿನಲ್ಲಿರುವ ನನ್ನ ಲಾಂಡ್ರಿಯಿಂದಲೇ ಹೋಗುವುದು. ಬೇರೆ ಊರಿನಿಂದ ಬಂದು ಈ ಗೋಡೆಯ ಮುಂದೆ ನಿಂತು ಓದುವವರಿಗಾಗಿ ಬೆಮರಿಯ ವಿಚಾರವನ್ನೂ ಹೇಳಿಬಿಡುತ್ತೇನೆ. ಅದು ನಮ್ಮ ಬೆಟ್ಟದ ಹೊಟ್ಟೆಯಲ್ಲಿ ಕೂದಲೆಳೆಯಂತೆ ಅಲ್ಲೊಂದು ಇಲ್ಲೊಂದು ಸಿಗುವ ಲೋಹ. ಬಂಗಾರಕ್ಕಿಂತ ಅಪರೂಪ. ಕತ್ತಿ ಮಾಡಿದರೆ ಬಾಗುತ್ತದೆ, ಒಡವೆ ಮಾಡಿದರೆ ಬೂದಿ ಬಡಿದಂತೆ ಕಾಣುತ್ತದೆ. ಅದಕ್ಕಿರುವುದು ಒಂದೇ ಗುಣ: ತಾನಿರುವ ಜಾಗದ ನೆಲ ಕುಸಿಯುವ ಮೊದಲು ಅದು ಬೆವರುತ್ತದೆ. ಬೆಚ್ಚಗಿನ ಬೆವರು. ಅಪಾಯ ಹತ್ತಿರವಾದಷ್ಟೂ ಬಿಸಿ ಹೆಚ್ಚು. ದೂರದ ಪಟ್ಟಣಗಳು ತಮ್ಮ ಸೇತುವೆಗಳ ಬುಡದಲ್ಲಿ, ಗೋಪುರಗಳ ತಳದಲ್ಲಿ ಇಟ್ಟುಕೊಳ್ಳಲು ಅದನ್ನು ನಮ್ಮಿಂದ ಕೊಳ್ಳುತ್ತವೆ. ಅಗೆಯುವವರ ಪಾಲಿಗೆ ಬರುವುದು ಕಡಲೆಕಾಳಿನಷ್ಟು ದೊಡ್ಡ ಒಂದು ಗುಂಡು. ಅದನ್ನು ದಾರಕ್ಕೆ ಪೋಣಿಸಿ ಎದೆಗೆ ತಾಗುವಂತೆ ಕಟ್ಟಿಕೊಂಡು ಇಳಿಯುತ್ತಾರೆ. ಇಲಾಖೆಯ ಭಾಷೆಯಲ್ಲಿ ಇದರ ಹೆಸರು ಸ್ವೇದಲೋಹ. ಹೆಸರಿನಲ್ಲೇ ಬೆವರು ಇದೆ ಎಂಬುದು ಬಹುಶಃ ಇಲಾಖೆಗೆ ಮರೆತುಹೋಗಿದೆ.

ನನ್ನ ಮಗಳು ಕಟ್ಟಿಕೊಳ್ಳುತ್ತಿದ್ದ ಗುಂಡು ಮೊದಲು ಅವಳ ಅಪ್ಪನದಾಗಿತ್ತು. ಒಂದು ಬೆಳಿಗ್ಗೆ ನಮ್ಮ ಯಜಮಾನರು ಗಣಿಯ ತಳದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದಾಗ ಎದೆಯ ಮೇಲೆ ಬೆಚ್ಚಗೆ ಏನೋ ಹರಿದಂತಾಯಿತಂತೆ. ತಮ್ಮ ಬೆವರೇ ಇರಬೇಕೆಂದು ಒರೆಸಿಕೊಂಡರಂತೆ. ಮತ್ತೆ ಹರಿಯಿತು. ಬುತ್ತಿಯನ್ನು ಅಲ್ಲೇ ಬಿಟ್ಟು, ಇದ್ದಬದ್ದವರನ್ನೆಲ್ಲ ಕೂಗಿ ಮೇಲಕ್ಕೆ ಹತ್ತಿಸಿದರು. ಮೇಲೆ ಬಂದವರಿಗೆ ಮೇಸ್ತ್ರಿ, ಕೆಲಸಗಳ್ಳರು ಎಂದು ಬಾಯಿಗೆ ಬಂದಂತೆ ಬೈದ. ಅವನ ಬೈಗುಳ ಮುಗಿಯುವ ಮೊದಲೇ ಕೆಳಗಿನ ಸುರಂಗ ಮುಚ್ಚಿಕೊಂಡಿತು. ಆ ದೂಳು ನುಂಗಿದ್ದಕ್ಕೆ ಯಜಮಾನರ ಎದೆ ಇವತ್ತಿಗೂ ಶಿಳ್ಳೆ ಹೊಡೆಯುತ್ತದೆ. ಅವರು ಮನೆ ಹಿಡಿದರು, ಮಗಳು ಅವರ ಗುಂಡನ್ನೂ ಹಾರೆಯನ್ನೂ ತೆಗೆದುಕೊಂಡು ಹೊರಟಳು. ಆ ಗುಂಡನ್ನು ನಾನು ದಿನವೂ ಸಂಜೆ ಮುಟ್ಟಿ ನೋಡುತ್ತಿದ್ದೆ. ತಣ್ಣಗಿದ್ದರೆ ನನಗೆ ಊಟ ಸೇರುತ್ತಿತ್ತು.

ಈಗ ತಮ್ಮ ಇಲಾಖೆಯ ಮಹಾಸಾಧನೆಗೆ ಬರೋಣ. ಲೋಹ ತೂಗುವ ನಿಮ್ಮ ಹಜಾರದಲ್ಲಿ ಒಂದು ಹಳೆಯ ಫಲಕವಿತ್ತು. "ಬಂದ ಬೆಮರಿಯನ್ನು ಒರೆದು ನೋಡಿ ಸ್ವೀಕರಿಸತಕ್ಕದ್ದು." ಒರೆಗಲ್ಲಿಗೆ ತಿಕ್ಕಿ ಅಸಲಿಯೋ ನಕಲಿಯೋ ತಿಳಿಯಿರಿ ಎಂದು ಅದರ ಅರ್ಥ. ಬಣ್ಣ ಮಾಸಿತೆಂದು ಫಲಕವನ್ನು ಹೊಸದಾಗಿ ಬರೆಸಿದಿರಿ. ಬರೆಯುವವನ ಕೈತಪ್ಪಿನಿಂದ ಅದು "ಒರೆಸಿ ನೋಡಿ ಸ್ವೀಕರಿಸತಕ್ಕದ್ದು" ಎಂದಾಯಿತು. ಮನುಷ್ಯರೆಂದ ಮೇಲೆ ಕೈ ತಪ್ಪುತ್ತದೆ. ಆದರೆ ಬೇರೆ ಕಡೆಯಾಗಿದ್ದರೆ ಫಲಕವನ್ನು ತಿದ್ದುತ್ತಿದ್ದರು. ತಾವು ಕೆಲಸವನ್ನೇ ತಿದ್ದಿದಿರಿ. ಫಲಕದಲ್ಲಿ ಒರೆಸಿ ಎಂದಿರುವಾಗ ಒರೆಸದೆ ಇರುವುದು ಹೇಗೆ? ಒರೆಸುವವರನ್ನು ನೇಮಿಸಿದಿರಿ, ಅವರ ಮೇಲೊಬ್ಬ ಒರೆಸುವಿಕೆಯ ಮೇಲ್ವಿಚಾರಕನನ್ನು ಕೂರಿಸಿದಿರಿ. ಒರೆಗಲ್ಲು ಈಗ ಹಜಾರದ ಬಾಗಿಲು ಬಡಿದುಕೊಳ್ಳದಂತೆ ಅದಕ್ಕೆ ಆನಿಸಿಡುವ ಕಲ್ಲಾಗಿದೆ. ಆಗ ನಾವೆಲ್ಲ ನಕ್ಕೆವು. ಒಣಗಿರುವ ಲೋಹವನ್ನು ಒರೆಸಿದರೆ ಯಾರಿಗೇನು ನಷ್ಟ ಎಂದುಕೊಂಡೆವು. ನನಗೂ ಒಗೆಯಲು ಹೊಸ ಬಟ್ಟೆಗಳು ಬಂದವು, ಸುಳ್ಳೇಕೆ ಹೇಳಲಿ.

ನಗು ನಿಂತಿದ್ದು ಹೊಸ ಸುರಂಗ ತೋಡಿದ ಮೇಲೆ. ಬೆಟ್ಟದ ಆಚೆ ಬದಿಯ ಬೆಮರಿ ಮುಗಿಯುತ್ತ ಬಂದಿತ್ತು. ಈಚೆ ಬದಿಯಲ್ಲಿ, ಪೇಟೆಯ ನೆಲದಡಿಯಲ್ಲಿ, ದಪ್ಪನೆಯ ಎಳೆಯೊಂದು ಓಡಿದೆ ಎಂದು ಗೊತ್ತಾಯಿತು. ಅದು ಯಾವ ಕಟ್ಟಡದ ಕೆಳಗೆ ಹಾದುಹೋಗುತ್ತದೆ ಎಂಬುದನ್ನು ನಾನು ತಮಗೆ ಹೇಳಬೇಕಾಗಿಲ್ಲ. ತಮ್ಮ ಕೋಣೆಯ ನಕ್ಷೆಯಲ್ಲಿ ಅದಕ್ಕೆ ಕೆಂಪು ಶಾಯಿಯ ಗೆರೆಯೇ ಇದೆ. ನಮ್ಮ ಮಕ್ಕಳು ಅಲ್ಲಿ ಅಗೆಯತೊಡಗಿದರು. ಗುಂಡುಗಳು ಬೆವರತೊಡಗಿದವು. ಅವರು ಮೇಲೆ ಬಂದರು, ಏನೂ ಆಗಲಿಲ್ಲ. ಮತ್ತೆ ಇಳಿದರು, ಮತ್ತೆ ಬೆವರಿತು, ಮತ್ತೆ ಬಂದರು. ಆಗಲೂ ಏನೂ ಆಗಲಿಲ್ಲ. ಅಪಾಯ ಬರಲು ಇಷ್ಟು ತಡಮಾಡಿದ್ದು ಬೆಮರಿಯ ತಪ್ಪೆಂದು ತಾವು ತೀರ್ಮಾನಿಸಿದಿರಿ. ಒಳ್ಳೆಯ ಬೆಮರಿ ಒಣಗಿರುತ್ತದೆ, ಹಜಾರದಲ್ಲಿ ತಾವೇ ನೋಡಿದ್ದೀರಿ. ಒದ್ದೆಯಾಗಿದ್ದರೆ ಅದು ಕಲಬೆರಕೆ. ಒರೆಸಿದ ಮೇಲೆ ನೋಡಿದರೆ ಯಾವುದು ತಾನೇ ಒಣಗಿರುವುದಿಲ್ಲ, ಮಾನ್ಯರೇ? ಕಲಬೆರಕೆ ಗುಂಡುಗಳಿಂದ ಕೆಲಸಕ್ಕೆ ಅಡ್ಡಿಯಾಗುತ್ತಿದೆ ಎಂದು ಆಜ್ಞೆ ಹೊರಡಿಸಿ, ಎಲ್ಲರ ಕೊರಳಿನ ದಾರ ಬಿಚ್ಚಿಸಿ, ಗುಂಡುಗಳನ್ನು ತರಿಸಿಕೊಂಡಿರಿ. ಆಜ್ಞೆಯ ಕೊನೆಯಲ್ಲಿ ಬಹಳ ಉದಾರವಾಗಿ ಒಂದು ಸಾಲು ಸೇರಿಸಿದಿರಿ: "ಒಣಗಿದ ಮೇಲೆ ಹಿಂತಿರುಗಿಸಲಾಗುವುದು."

ಅಂದಿನಿಂದ ಅವು ನಿಮ್ಮ ಹಜಾರದ ತಟ್ಟೆಗಳಲ್ಲಿ ಒಣಗುತ್ತಿವೆ.

ಅವು ಹೇಗೆ ಒಣಗುತ್ತಿವೆ ಎಂಬುದು ನನಗೆ ಗೊತ್ತು. ಅವುಗಳನ್ನು ಒರೆಸಿದ ಬಟ್ಟೆಗಳು ನನ್ನಲ್ಲಿಗೇ ಬರುತ್ತವೆ. ಮೊದಮೊದಲು ಒಂದಿಷ್ಟು ತಣುಪು, ಮಂಜಿನಲ್ಲಿ ಮರೆತು ಬಿಟ್ಟ ಬಟ್ಟೆಯ ಹಾಗೆ. ಆಮೇಲೆ ಗಂಟು ಭಾರವಾಯಿತು. ಆಮೇಲೆ ಗಂಟಿನಿಂದ ನೀರು ತೊಟ್ಟಿಕ್ಕಿ, ಹೊತ್ತು ತರುವವನ ಅಂಗಿಯ ಬೆನ್ನು ನೆನೆಯತೊಡಗಿತು. ಈ ವಾರ ಗಂಟು ಬಿಚ್ಚಿದರೆ ಒಳಗೆ ಕೈಯಿಡಲಾರದಷ್ಟು ಬಿಸಿ. ನೆನೆಹಾಕುವ ಮೊದಲೇ ತೊಟ್ಟಿಯ ನೀರಿನಿಂದ ಎತ್ತಿದಂತಿತ್ತು. ಯಜಮಾನರು ಒಳಗಿನಿಂದ ಎದ್ದು ಬಂದು ಒಂದು ಬಟ್ಟೆಯನ್ನು ಹಿಂಡಿದರು. ಅಂಗೈಯಲ್ಲಿ ಹರಿದದ್ದನ್ನು ನೋಡುತ್ತ ನಿಂತರು. ಬುತ್ತಿ ಬಿಟ್ಟು ಬಂದ ಆ ದಿನವೂ ಇಷ್ಟೊಂದು ಇರಲಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನವೇ ತಮ್ಮ ಕಚೇರಿಗೆ ಬಂದೆ. ಹಜಾರದ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಒಬ್ಬರು ಎಳೆದು, ಹೊರಗಿನಿಂದ ನಾನು ಭುಜ ಕೊಟ್ಟು ನೂಕಿದ ಮೇಲೆ ಕಿರುಗುಟ್ಟುತ್ತ ಜಾಗ ಬಿಟ್ಟಿತು. ಮರ ಉಬ್ಬಿದೆ, ಬಡಗಿ ಬಂದು ಹೆರೆದು ಹೋಗಿದ್ದಾನೆ, ಮತ್ತೆ ಉಬ್ಬಿದೆ ಎಂದು ಒಳಗಿದ್ದವರು ಹೇಳಿದರು. ಹಜಾರದ ನಾಲ್ಕು ಮೂಲೆಗಳಲ್ಲೂ ಇದ್ದಿಲ ಒಲೆ ಉರಿಯುತ್ತಿತ್ತು, ಲೋಹ ಬೇಗ ಒಣಗಲೆಂದು. ಒರೆಸುವವರು ಒಂದು ತುದಿಯಿಂದ ಒರೆಸಿಕೊಂಡು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲ ತಟ್ಟೆ ಮತ್ತೆ ತುಂಬಿರುತ್ತಿತ್ತು. ಪಾಪ, ಅವರ ಮುಖದಿಂದಲೂ ನೀರಿಳಿಯುತ್ತಿತ್ತು. ಅವರನ್ನು ಒರೆಸುವವರು ಯಾರೂ ಇರಲಿಲ್ಲ. ಗೋಡೆಯ ಮೇಲೆ ಹಿಂದಿನ ಲೋಹಾಧಿಕಾರಿಗಳ ಭಾವಚಿತ್ರಗಳಿವೆಯಲ್ಲ, ಅಷ್ಟೂ ಜನ ಮಹನೀಯರು ಒಂದೇ ಕಡೆಗೆ ವಾಲಿದ್ದರು. ಜವಾನ ಮುದುಕಪ್ಪ ಕುರ್ಚಿ ಹತ್ತಿ ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದ. ದಿನವೂ ಬೆಳಿಗ್ಗೆ ಅವನಿಗೆ ಇದೇ ಕೆಲಸವಂತೆ. ಚಿತ್ರಗಳು ನೆಟ್ಟಗಿವೆ, ಗೋಡೆ ವಾಲುತ್ತಿದೆ ಎಂದು ಅವನಿಗೆ ಹೇಳಬೇಕೆನಿಸಿತು. ಕುರ್ಚಿಯ ಮೇಲಿಂದ ಬಿದ್ದಾನು ಎಂದು ಸುಮ್ಮನಾದೆ.

ತಮ್ಮ ಹಿರಿಯ ಗುಮಾಸ್ತರನ್ನು ಕಂಡೆ. ಊರಲ್ಲಿ ಅವರಿಗೆ ನಾಳೆಬನ್ನಿ ಎಂದೇ ಹೆಸರು. ಆ ದಿನ ಮಾತ್ರ ಅವರು ನಾಳೆ ಬನ್ನಿ ಎನ್ನಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಮಗಳ ಗುಂಡು ಕೊಡಿ ಎಂದು ಕೇಳಿದೆ.

"ಒಣಗಲಿ ಅಮ್ಮಾ. ಒಣಗಿದ ಮೇಲೆ ಕೊಡ್ತೀವಿ ಅಂತ ಬರೆದಿದೆಯಲ್ಲ."

"ಇದು ಈ ಕಟ್ಟಡದಲ್ಲಿ ಇರೋ ತನಕ ಒಣಗಲ್ಲ ಸ್ವಾಮಿ. ಯಾಕೆ ಅಂತ ನಿಮಗೂ ಗೊತ್ತು."

ಅವರು ಕಣ್ಣು ತಪ್ಪಿಸಿದರು. ಆಗಲೇ ನಾನು ಗಮನಿಸಿದ್ದು: ಹಜಾರದ ನಟ್ಟನಡುವೆ, ನನಗೆ ಬುದ್ಧಿ ಬಂದಾಗಿನಿಂದ ಅಲ್ಲಾಡದೆ ಕೂತಿದ್ದ ಅವರ ಮೇಜು ಬಾಗಿಲ ಪಕ್ಕಕ್ಕೆ ಬಂದಿತ್ತು. ಏಕೆಂದು ಕೇಳಿದರೆ, ಇಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ ಎಂದರು. ಕಾಲಿಗೆ ಚಪ್ಪಲಿಯ ಬದಲು ಓಡಲು ಅನುಕೂಲವಾದ ಬೂಟು ಹಾಕಿಕೊಂಡಿದ್ದರು. ಹಾಗಾಗಿ, ಮಾನ್ಯರೇ, ಇಲಾಖೆಗೆ ಏನೂ ಗೊತ್ತಿಲ್ಲ ಎಂದು ನಾನು ದೂರುವುದಿಲ್ಲ. ಗೊತ್ತಿರುವುದು ಮೇಜು ಸರಿಸುವುದಕ್ಕೆ ಮಾತ್ರ ಬಳಕೆಯಾಗುತ್ತಿದೆ ಎಂಬುದೇ ನನ್ನ ದೂರು. ನಾಳೆಬನ್ನಿಯವರಿಗೆ ಬಾಗಿಲು ಹತ್ತಿರವಿದೆ. ನೆಲದಡಿಯಲ್ಲಿ ಹಾರೆ ಹಿಡಿದವರು ತಮ್ಮ ಮೇಜನ್ನು ಎಲ್ಲಿಗೆ ಸರಿಸಬೇಕು?

ಆ ಸಂಜೆ ಮಗಳಿಗೆ, ನೀನಿನ್ನು ಇಳಿಯಬೇಡ ಎಂದೆ. ಅವಳು ನನ್ನ ಮಗಳಾದರೂ ನನ್ನ ಹಾಗೆ ರೇಗುವವಳಲ್ಲ. ಕೈಕಾಲು ತೊಳೆದುಕೊಂಡು ಬಂದು ಒಲೆಯ ಮುಂದೆ ಕೂತು, ಕೊರಳಲ್ಲಿ ಬರಿದಾಗಿದ್ದ ದಾರವನ್ನು ಬೆರಳಿಗೆ ಸುತ್ತುತ್ತ ಮಾತಾಡಿದಳು. ಗುಂಡು ಹೋದರೂ ದಾರವನ್ನು ಇನ್ನೂ ಕಟ್ಟಿಕೊಂಡೇ ಇದ್ದಾಳೆ.

"ನಾನು ಮನೇಲಿ ಕೂತ್ರೆ ನನ್ನ ಜಾಗಕ್ಕೆ ಪಕ್ಕದ ಮನೆಯವಳನ್ನ ಇಳಿಸ್ತಾರೆ. ಅವಳಿಗೆ ಇನ್ನೂ ಸರಿಯಾಗಿ ಹಾರೆ ಹಿಡಿಯೋಕೂ ಬರಲ್ಲ. ಅಪ್ಪ ಅವತ್ತು ಒಬ್ಬರೇ ಹತ್ತಿ ಬಂದ್ರಾ, ಅಮ್ಮಾ?"

ಯಜಮಾನರು ಗೋಡೆಯ ಕಡೆಗೆ ಮುಖ ತಿರುಗಿಸಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ ಎಂದು ಎದೆಯ ಶಿಳ್ಳೆಯಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಅವಳೇ ಹೇಳಿದಳು, ಕೆಳಗೆ ಈಗ ಎಲ್ಲರೂ ಆಗಾಗ ಅಂಗಿಯೊಳಗೆ ಕೈ ಹಾಕಿ ಎದೆ ಮುಟ್ಟಿ ನೋಡಿಕೊಳ್ಳುತ್ತಾರಂತೆ. ಗುಂಡಿಲ್ಲ, ಅಭ್ಯಾಸ ಬಿಟ್ಟಿಲ್ಲ. ಕೈ ಒದ್ದೆಯಾದರೆ ಅದು ಬರೀ ತಮ್ಮದೇ ಬೆವರು ಎಂದು ಒಬ್ಬರಿಗೊಬ್ಬರು ತಮಾಷೆ ಮಾಡುತ್ತಾರಂತೆ. ಅವಳು ನಗುತ್ತಲೇ ಹೇಳಿದಳು. ನನಗೆ ಅಳು ಬಂತು, ತಡೆಯಲಿಲ್ಲ.

ಬೇಡಿಕೆ ಏನು ಎಂದು ಕೇಳುವಿರಿ. ದೊಡ್ಡದೇನಿಲ್ಲ. ಒಂದು ದಿನ ಒರೆಸಬೇಡಿ. ಒರೆಸುವವರನ್ನೆಲ್ಲ ಮನೆಗೆ ಕಳಿಸಿ, ತಾವೊಬ್ಬರೇ ಹಜಾರದಲ್ಲಿ ನಿಂತು ಆ ತಟ್ಟೆಗಳನ್ನು ನೋಡಿ. ತುಂಬಿ, ತುಳುಕಿ, ಮೇಜಿನಿಂದ ನೆಲಕ್ಕೆ ಹರಿಯುವುದನ್ನು ನೋಡಿ. ಅದು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನೂ ನೋಡಿ. ಭಾವಚಿತ್ರದ ಮಹನೀಯರು ವಾಲುವ ಕಡೆಗೇ ಹರಿಯುತ್ತದೆ. ಆಮೇಲೂ ಅದು ಕಲಬೆರಕೆ ಎನಿಸಿದರೆ ನನ್ನನ್ನು ಹಿಡಿದು ಒಳಗೆ ಹಾಕಿಸಿ, ಸಂತೋಷದಿಂದ ಬರುತ್ತೇನೆ, ಆದರೆ ಆ ಕಟ್ಟಡದೊಳಗೆ ಮಾತ್ರ ಬೇಡ. ಹಾಗೆನಿಸದಿದ್ದರೆ, ಹೊರಗೆ ಓಡುವ ಮೊದಲು ಒಂದೇ ಒಂದು ಕೆಲಸ ಮಾಡಿ. ತಮ್ಮ ಕುರ್ಚಿಯ ಬಲಕ್ಕೆ ಗೋಡೆಯಲ್ಲಿ ಗಣಿಯ ಗಂಟೆಯ ಹಗ್ಗವಿದೆ. ಕೆಳಗಿರುವವರನ್ನು ಮೇಲಕ್ಕೆ ಕರೆಯುವ ಗಂಟೆ ಅದು. ಅದನ್ನು ಎಳೆಯುವ ಅಧಿಕಾರ ತಮಗೊಬ್ಬರಿಗೇ ಇದೆ ಎಂದು ಇನ್ನೊಂದು ಫಲಕದಲ್ಲಿ ಬರೆದಿದೆ. ಆ ಫಲಕದಲ್ಲಿ ತಪ್ಪಿಲ್ಲ, ನಾನು ಅಕ್ಷರ ಅಕ್ಷರ ಓದಿ ನೋಡಿದ್ದೇನೆ.

ಈ ವಾರದ ಒರೆಸುಬಟ್ಟೆಗಳನ್ನು ಒಗೆಯದೆ ಬುಟ್ಟಿಯಲ್ಲಿ ತುಂಬಿ ಈ ಪತ್ರದ ಒಂದು ಪ್ರತಿಯ ಜೊತೆ ಕಳಿಸಿದ್ದೇನೆ. ಕೈಯಿಟ್ಟು ನೋಡಿ. ಈ ವಿಷಯದಲ್ಲಿ ಕೈ ತೊಳೆದುಕೊಂಡರೆ ಒರೆಸಿಕೊಳ್ಳಲು ಇನ್ನು ನನ್ನ ಟವೆಲ್ಲು ತಮಗೆ ಸಿಗುವುದಿಲ್ಲ. ಬುಟ್ಟಿ ಹೊತ್ತವನು ಈಗಷ್ಟೇ ತಿರುವು ದಾಟಿದ. ಅತ್ತ ಗಣಿಯ ಬಾಯಲ್ಲಿ ಇಳಿಯುವವರನ್ನು ಕರೆಯುವ ಕೊಂಬು ಕೂಗಿಯಾಯಿತು. ಮಗಳು ಬುತ್ತಿ ಮರೆತು ಹೋಗಿದ್ದಾಳೆ, ಮಧ್ಯಾಹ್ನ ಹಸಿವಾದಾಗ ಮೇಲೆ ಬಂದು ತಿನ್ನುತ್ತಾಳೆಂದು ಒಲೆಯ ಪಕ್ಕ ಬೆಚ್ಚಗೆ ಇಟ್ಟಿದ್ದೇನೆ. ಹಗ್ಗ ತಮ್ಮ ಕೈಗೆಟಕುವಷ್ಟು ಹತ್ತಿರವಿದೆ.

ಇಂತಿ,
ತಮ್ಮ ಕುರ್ಚಿಯ ನೇರ ಕೆಳಗೆ ಈಗ ಅಗೆಯುತ್ತಿರುವವಳ ತಾಯಿ
(ತಿರುವಿನ ಲಾಂಡ್ರಿಯವಳು)