ಅವರು ಆಡದ ಮಾತು

ಬಾಗಲಕೋಟೆ, ೨೨೧೯ನೇ ಇಸವಿ, ಫೆಬ್ರುವರಿ ೩೦

ನನಗಿಂತ ಇನ್ನೂರು ವರ್ಷ ಹಿಂದೆ ಬದುಕಿರುವವರಿಗೆ ನೀಲಾಂಬಿಕಾ ಮಾಡುವ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲವೆಂದು ಬಲ್ಲೆ. ನಮ್ಮ ಕಾಲದವರು ತಿಂಗಳುಗಳನ್ನು ಸಮ ಮಾಡಲು ಹೋಗಿ ಇದನ್ನು ಹುಟ್ಟಿಸಿದರು. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು. ಮನ್ನಿಸಬೇಕು.

ನಲವತ್ತು ದಾಟುವಾಗ ನನ್ನ ಕಿವಿಗಳು ಮಂದವಾದವು. ಅಂದಿನಿಂದ ಎರಡಕ್ಕೂ ಕಿವಿಬೀಜ ಹಾಕಿಕೊಂಡಿದ್ದೇನೆ. ಅದು ನಿಮ್ಮ ಶ್ರವಣಯಂತ್ರದ ಮರಿಮಗಳು, ಕಡಲೆಕಾಳಿನಷ್ಟಿದೆ. ನಿಮ್ಮಲ್ಲಿ ಯಂತ್ರ ಹೊಂದಿಸಿಕೊಳ್ಳಲು ಜನ ದವಾಖಾನೆಗೆ ಹೋಗಿ ಕೂರುತ್ತಾರಂತೆ, ಕೆಲವರು ಫೋನಿನ ಮೂಲಕ ದೂರದಿಂದಲೇ ಮಾಡಿಸಿಕೊಳ್ಳುತ್ತಾರಂತೆ. ನಮ್ಮಲ್ಲಿ ಎರಡನೆಯದೇ ಉಳಿದಿದೆ. ಅದನ್ನು ದೂರಶ್ರುತಿ ಎನ್ನುತ್ತೇವೆ. ಆ ಕಡೆ ಇರುವುದು ಮನುಷ್ಯರಲ್ಲ, ಯಂತ್ರ. ಪಾತ್ರೆಯ ಸದ್ದು ಚುಚ್ಚುತ್ತದೆ ಎಂದು ಅಡುಗೆಮನೆಯಲ್ಲಿ ನಿಂತು ಗೊಣಗಿದರೆ ಸಾಕು, ಕೈ ಒರೆಸಿಕೊಳ್ಳುವುದರೊಳಗೆ ಸದ್ದು ಮೆತ್ತಗಾಗಿರುತ್ತದೆ. ಹಿನ್ನೀರಿನ ದಡದ ನಮ್ಮ ಮನೆಯ ಕಡೆಗೆ ನೀರುಬಂಡಿ, ಅಂದರೆ ನೀರಿನ ಮೇಲೂ ಓಡುವ ಬಸ್ಸು, ಬರುವುದೇ ಅಪರೂಪ. ಹಾಗಾಗಿ ದೂರಶ್ರುತಿ ನನಗೆ ದೊಡ್ಡ ಉಪಕಾರವೇ ಆಗಿತ್ತು.

ನನ್ನ ಯಜಮಾನರು ಚನಮಲ್ಲಪ್ಪ ಆ ಹಿನ್ನೀರಿನಲ್ಲಿ ದೋಣಿ ನಡೆಸುವವರು. ಈ ದಡದಲ್ಲಿ ಕೂಗಿದರೆ ಆ ದಡದವರು ಗಂಟು ಎತ್ತಿಕೊಂಡು ಏಳಬೇಕು, ಅಂಥ ಗಂಟಲು. ಹೋದ ವರ್ಷ ಅವರು ಮಾತು ಕಡಿಮೆ ಮಾಡಿದರು, ಊಟವನ್ನೂ ಕಡಿಮೆ ಮಾಡಿದರು. ಯಾಕೆ ಸಿಟ್ಟು ಎಂದರೆ ಎದ್ದು ಹೋಗುತ್ತಿದ್ದರು. ಕೊನೆಗೆ ನನಗೂ ಸಿಟ್ಟು ಬಂದು ಕೇಳುವುದನ್ನೇ ಬಿಟ್ಟೆ. ನಮಗೆ ಮಕ್ಕಳಿಲ್ಲ, ಮನೆಗೆ ಬಂದುಹೋಗುವವರೂ ಕಡಿಮೆ.

ಅಷ್ಟರಲ್ಲಿ ನನ್ನ ಬಲಗಿವಿಯಲ್ಲಿ ಹುಣ್ಣಾಗಿ ಆ ಕಡೆಯ ಬೀಜ ತೆಗೆದಿಡಬೇಕಾಯಿತು. ದೂರಶ್ರುತಿ ಹುಣ್ಣಿಗೇನು ಮಾಡೀತು? ಪೇಟೆಯ ಕಿವಿ ದವಾಖಾನೆಗೆ ಹೋಗಿ ಎಂದಿತು. ಯಜಮಾನರೂ ಜೊತೆಗೆ ಬಂದರು. ಅಲ್ಲಿ ಮೆಹರುನ್ನೀಸಾ ಎಂಬ ಹುಡುಗಿ ಹುಣ್ಣಿಗೆ ಔಷಧ ಹಚ್ಚಿದಳು. ಆಮೇಲೆ ಹೊಸದಾಗಿ ಹೊಂದಿಸಲೆಂದು ಎಡಗಿವಿಯ ಬೀಜದಲ್ಲಿ ದೂರಶ್ರುತಿ ಮಾಡಿದ್ದ ತಿದ್ದುಪಡಿಗಳನ್ನೆಲ್ಲ ತೆಗೆದುಹಾಕಿ, ಬಾಗಿಲ ಬಳಿ ನಿಂತಿದ್ದ ಅವರನ್ನು ಕರೆದು ನನ್ನ ಮುಂದೆ ಕೂರಿಸಿದಳು.

“ಮನ್ಯಾಗ ಮಾತಾಡೂ ಹಂಗ ಏನರ ಮಾತಾಡ್ರಿ, ಕಾಕಾ.”

ಅವರ ತುಟಿ ಅಲುಗಿತು. ಕೇಳಿಸಿದ್ದು ಒಣ ಹಲಗೆಯನ್ನು ಕಲ್ಲಿನ ಮೇಲೆ ಎಳೆದ ಸದ್ದು. ಯಾರು ಒಳಗೆ ಬಂದರೆಂದು ನಾನು ತಿರುಗಿ ಬಾಗಿಲು ನೋಡಿದೆ.

“ಯಾರ್ನ ನೋಡ್ತಿ? ನಾನ ಮಾತಾಡಿದ್ನಿ,” ಎಂದಿತು ಅದೇ ಸದ್ದು.

“ನಿಮ್ಮ ದನಿಗೆ ಏನಾಗೇತ್ರಿ?”

“ಈಗ ಕೇಳ್ತಿ? ವರ್ಷಾತು. ಊಟಕ್ಕ ಕುಂತಾಗ ಹೇಳಿದ್ನಿ, ನುಂಗಾಕ ಆಗವಲ್ದು, ಗಂಟಲಾಗ ಏನೋ ಐತಿ ಅಂತ. ನೀ ನಕ್ಕೊಂತ ಇನ್ನೊಂದ ರೊಟ್ಟಿ ಹಾಕಿದಿ.”

ಆ ಊಟ ನನಗೆ ಚೆನ್ನಾಗಿ ನೆನಪಿತ್ತು. ಅವತ್ತು ನನ್ನ ಕಿವಿಗೆ ಬಿದ್ದದ್ದು ಅವರ ಹಳೆಯ ತುಂಬು ದನಿ. “ರೊಟ್ಟಿ ಚಲೋ ಆಗ್ಯಾವ, ನೀಲಾ,” ಎಂದಿತ್ತು ಅದು.

ಮೆಹರುನ್ನೀಸಾ ಬೀಜವನ್ನು ತನ್ನ ಯಂತ್ರಕ್ಕೆ ಸೇರಿಸಿ ನೋಡಿದಳು. ಆಮೇಲೆ ನಡೆದದ್ದನ್ನು ಬಿಡಿಸಿ ಹೇಳಿದಳು. ಒಡೆದ ದನಿ ನನಗೆ ತ್ರಾಸು ಕೊಡುತ್ತದೆಂದು ದೂರಶ್ರುತಿ ಅದನ್ನು ಅವರ ಹಳೆಯ ದನಿಗೆ ಬದಲಿಸುತ್ತಿತ್ತು. ಮಾತು ತುಂಡಾದಲ್ಲಿ, ಅಂಥ ಹೊತ್ತಿನಲ್ಲಿ ಅವರು ಸಾಮಾನ್ಯವಾಗಿ ಆಡುವ ಮಾತನ್ನು ತಾನೇ ತುಂಬುತ್ತಿತ್ತು. ಒಂದು ವರ್ಷ ನಾನು ಯಾರ ಜೊತೆ ಸಂಸಾರ ಮಾಡಿದೆ? ಕುರ್ಚಿಯ ಕೈ ಹಿಡಿದುಕೊಂಡು ಅದನ್ನೇ ಕೇಳಿದೆನಂತೆ, ಜೋರಾಗಿ.

“ಕಾಕಿ, ಅದು ಆಮ್ಯಾಲ. ಮೊದಲ ಕಾಕಾರ ಗಂಟಲ ತೋರಸ್ರಿ,” ಎಂದು ಅವಳೇ ನಮ್ಮನ್ನು ಪಕ್ಕದ ಓಣಿಯ ವೈದ್ಯರ ಬಳಿಗೆ ಕರೆದೊಯ್ದಳು.

ಗಡ್ಡೆ ಇತ್ತು. ದನಿಪೆಟ್ಟಿಗೆಯ ಬಹುಪಾಲಿನ ಜೊತೆಗೇ ತೆಗೆದರು. ಇನ್ನೂ ತಡವಾಗಿದ್ದರೆ ಅವರೇ ಉಳಿಯುತ್ತಿರಲಿಲ್ಲ, ಮೊದಲೇ ಬಂದಿದ್ದರೆ ದನಿಯೂ ಉಳಿಯುತ್ತಿತ್ತು ಎಂದರು ವೈದ್ಯರು. ಈಗ ಅವರು ಬರೀ ಉಸಿರಿನಲ್ಲಿ ಪಿಸುಗುಡುತ್ತಾರೆ. ದೋಣಿಯಿಂದ ಕೂಗುವ ಬದಲು ಬಿಳಿ ಬಟ್ಟೆ ಬೀಸುತ್ತಾರೆ. ಆ ವರ್ಷ ನನಗೆ ಇನ್ನೇನೇನು ಹೇಳಿದ್ದಿರಿ ಎಂದು ಕೇಳಿದೆ. ನೆನಪಿಲ್ಲವೆಂದು ಕೈಯಾಡಿಸಿದರು. ನಾನು ಕೇಳಿದ ತಮಾಷೆ, ಸಮಾಧಾನದ ಮಾತುಗಳಲ್ಲಿ ಯಾವುದು ಅವರದು, ಯಾವುದು ಯಂತ್ರದ್ದು ಎಂಬುದು ಇವತ್ತಿಗೂ ತಿಳಿಯದು.

ನಿಮ್ಮಲ್ಲಿ ಈ ದಾರಿ ಈಗಷ್ಟೇ ತೆರೆದಿದೆ. ದೂರದಿಂದ ಮಾಡಿಸಿಕೊಳ್ಳಬೇಡಿ ಎನ್ನಲಾರೆ. ನಡೆಯಲಾಗದವರಿದ್ದಾರೆ, ಬಸ್ಸಿಲ್ಲದ ಊರುಗಳಿವೆ. ಆದರೆ ಎದುರು ಕೂತು ನೋಡುವವರ ಬಳಿಗೂ ಆಗಾಗ ಹೋಗಿ. ಒಬ್ಬರೇ ಹೋಗಬೇಡಿ. ದಿನಾ ಜೊತೆಗೆ ಉಣ್ಣುವವರನ್ನು ಕರೆದೊಯ್ದು ಅಲ್ಲಿ ಮಾತಾಡಿಸಿ, ಮಾತಾಡುವಾಗ ಅವರ ಮುಖ ನೋಡಿ. ಅವರ ಮಾತು ಒಡೆದಿದ್ದರೆ, ದಯವಿಟ್ಟು, ನಿಮಗದು ಒಡೆದೇ ಕೇಳಿಸಲಿ.

ಇನ್ನೂ ಹುಟ್ಟದ ನಿಮ್ಮ
ನೀಲಾಂಬಿಕಾ