ಹುಳಿಯಿಲ್ಲದ ಏಳು ದಿನ

ಬೇಕರಿಯ ಮೇಲಿನ ಕೋಣೆ
ಮೇ ೬, ಮಂಗಳವಾರ

ಪ್ರೀತಿಯ ಅಣ್ಣಾ,

ಕರ್ತನ ಹೆಸರಿನಲ್ಲಿ ವಂದನೆಗಳು. ಮಂಡಿನೋವು ಹೇಗಿದೆ? ತಿಂಗಳಿಂದ ಊರೂರು ಸುತ್ತಿ ಸುವಾರ್ತೆಯ ಪ್ರಸಂಗ ಮಾಡುವ ಉತ್ಸಾಹದಲ್ಲಿ ಗುಳಿಗೆ ನುಂಗುವುದನ್ನು ಮರೆತಿರುತ್ತೀಯ, ನನಗೆ ಗೊತ್ತು. ಅತ್ತಿಗೆ ಆರೋಗ್ಯವಾಗಿದ್ದಾರೆ. ಕೋಪವೊಂದನ್ನು ಬಿಟ್ಟರೆ ನಾನೂ ಚೆನ್ನಾಗಿದ್ದೇನೆ.

ನೀನು ಬರೆದು ಕಳಿಸಿದ ಕ್ಷಮಾಪಣೆಯ ಕಾಗದ ನಿನ್ನೆ ತಲುಪಿತು. ಅಕ್ಷರವೇನೋ ಮುದ್ದಾಗಿದೆ! ಯೆಹೂದ್ಯರ ಹಳೆಯ ಹಬ್ಬ ಆಚರಿಸಿ ಸಭೆಯನ್ನು ದಾರಿ ತಪ್ಪಿಸಿದೆನೆಂದು ನಾನು ಒಪ್ಪಿ ಸಹಿ ಹಾಕಬೇಕು, ಇಲ್ಲದಿದ್ದರೆ ಈ ಭಾನುವಾರದಿಂದ ಕರ್ತನ ಭೋಜನದ ರೊಟ್ಟಿಯಲ್ಲಿ ನನಗೆ ಪಾಲಿಲ್ಲ. ಸಭೆಯ ಹಿರಿಯರು ನಿನಗೆ ಬರೆದರು, ನೀನು ನನಗೆ ಬರೆದೆ. ಸಭಾಪಾಲಕನಾಗಿ ಅಲ್ಲದಿದ್ದರೂ ಅಣ್ಣನಾಗಿ, ಏನಾಯಿತು ಎಂದು ಒಂದು ಮಾತು ಕೇಳಬಾರದಿತ್ತೇ? ಕೇಳದಿದ್ದರೂ ಹೇಳುತ್ತೇನೆ.

ಹೋದ ತಿಂಗಳು ಹುಳಿಯಿಲ್ಲದ ರೊಟ್ಟಿಯ ಹಬ್ಬದ ಏಳು ದಿನ ನಾನು ಬೇಕರಿ ಮುಚ್ಚಿದ್ದೆ. ಆ ದಿನಗಳಲ್ಲಿ ಚೂರು ಹುಳಿಯೂ ಇರಬಾರದೆಂದು ಹುಳಿಹಿಟ್ಟಿನ ಜಾಡಿ ತೊಳೆದೆ, ಈಸ್ಟ್ ಡಬ್ಬ ಖಾಲಿ ಮಾಡಿದೆ, ಓವನ್ನಿನ ಸಂದಿಯಲ್ಲಿ ಸೇರಿಕೊಂಡ ಬ್ರೆಡ್ ಚೂರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆದೆ. ಒಂದು ಚಮಚ ಹುಳಿ ಇಡೀ ತೊಟ್ಟಿ ಹಿಟ್ಟನ್ನು ಹೇಗೆ ಉಬ್ಬಿಸುತ್ತದೆಂದು ಇಪ್ಪತ್ತೆರಡು ವರ್ಷದಿಂದ ದಿನಾ ನೋಡುತ್ತಿರುವವಳು ನಾನು. ಮೊಣಕಾಲೂರಿ ಕೆರೆಯುತ್ತಿದ್ದಾಗ, ನನ್ನೊಳಗೂ ಏನೇನು ಹುಳಿ ಹಿಡಿದು ಕೂತಿದೆ ಎಂದು ಹೊಳೆದು ನಾಚಿಕೆಯಾಯಿತು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ನಾದಿನಿಯ ಮನೆಗೆ ನಾನಾಗಿಯೇ ಹೋದೆ. ಬಾಗಿಲಲ್ಲೇ ಅವಳೂ ಅತ್ತಳು, ನಾನೂ ಅತ್ತೆ. ಇಷ್ಟು ವರ್ಷದ ಯಾವ ಪ್ರಸಂಗವೂ ನನ್ನನ್ನು ಆ ಬಾಗಿಲವರೆಗೆ ಕರೆದೊಯ್ದಿರಲಿಲ್ಲ. ನಿನ್ನದೂ ಸೇರಿ ಅಣ್ಣಾ, ಬೇಜಾರು ಮಾಡಿಕೊಳ್ಳಬೇಡ.

ನನ್ನಿಂದ ತಪ್ಪೂ ಆಯಿತು. ಭೋಜನದ ರೊಟ್ಟಿ ನಮ್ಮ ಬೇಕರಿಯಿಂದಲೇ ಹೋಗಬೇಕೆಂಬುದು ಆ ವಾರದ ಭಾನುವಾರ ಬೆಳಿಗ್ಗೆಯಷ್ಟೇ ನೆನಪಾದದ್ದು. ಮನೆಯಲ್ಲಿದ್ದ ಹುಳಿಯಿಲ್ಲದ ರೊಟ್ಟಿಗಳನ್ನೇ ಬಿಳಿ ಬಟ್ಟೆಯಲ್ಲಿ ಸುತ್ತಿ, ಯಾರಿಗೂ ಹೇಳದೆ ಮೇಜಿನ ಮೇಲಿಟ್ಟು ಬಂದೆ. ನೀನಿಲ್ಲದ್ದರಿಂದ ಗಡಿಯಾರ ರಿಪೇರಿಯ ಹಿರಿಯರು ರೊಟ್ಟಿ ಮುರಿದರು. ಸದ್ದು ಕೊನೆಯ ಬೆಂಚಿಗೂ ಕೇಳಿಸಿತು. ಅಗಿದಾಗ ಅವರ ಕಟ್ಟಿಸಿದ ಹಲ್ಲು ಕಿತ್ತು ಅಂಗೈಗೆ ಬಂತು. ನಾನು ಪ್ರಾರ್ಥನೆಯ ನಡುವೆ ಕಿಸಕ್ಕನೆ ನಕ್ಕುಬಿಟ್ಟೆ. ಮರುದಿನವೇ ಅವರ ಅಂಗಡಿಗೆ ಹೋಗಿ, ಹಲ್ಲಿಗೂ ನಗುವಿಗೂ ಹೇಳದೆ ಇಟ್ಟದ್ದಕ್ಕೂ ಕೈಮುಗಿದು ಕ್ಷಮೆ ಕೇಳಿದೆ. ಹಬ್ಬಕ್ಕೆ ಮಾತ್ರ ಕೇಳಲಿಲ್ಲ, ಕೇಳುವುದೂ ಇಲ್ಲ.

"ಅದೆಲ್ಲಾ ಬರೀ ನೆರಳಮ್ಮ. ಕ್ರಿಸ್ತನೇ ಬಂದ್ಮೇಲೆ ನೆರಳನ್ನ ಯಾಕೆ ಹಿಡ್ಕೊಂಡು ಕೂರ್ತೀಯ?" ಎಂದರು, ಕಣ್ಣಿನ ಭೂತಗನ್ನಡಿ ತೆಗೆಯದೆ. ನೆರಳೆಂಬುದನ್ನು ನಾನೂ ಒಪ್ಪಿದೆ. ಆದರೆ ಆ ನೆರಳಿನ ಮಾತು ಬರೆದ ಅಪೊಸ್ತಲನು ಅದೇ ಉಸಿರಿನಲ್ಲಿ, ಹಬ್ಬದ ವಿಷಯದಲ್ಲಿ ನಿಮ್ಮ ಮೇಲೆ ಯಾರೂ ತೀರ್ಪು ಮಾಡದಿರಲಿ ಎಂದೂ ಬರೆದಿದ್ದಾನಲ್ಲ, ಅದನ್ನೇಕೆ ನುಂಗಿಬಿಡುತ್ತೀರಿ ಎಂದು ಕೇಳಿದೆ. ಅದಕ್ಕೆ ಅವರು ನಿನಗೆ ದೂರು ಬರೆದರು. ಯೇಸು ಇದೇ ಪಸ್ಕ ಹಬ್ಬ ಆಚರಿಸಿದ್ದನ್ನು ಹೋದ ವರ್ಷ ಹೇಳಿ, "ಆತ ನಡೆದ ಹಾಗೆ ನಡೀರಿ" ಎಂದು ಪೀಠ ಗುದ್ದಿದವನು ನೀನೇ. ತೂಕಡಿಸದೆ ಕೇಳಿಸಿಕೊಂಡದ್ದು ನನ್ನ ತಪ್ಪೇ? ಹಬ್ಬ ಆಚರಿಸದವರಿಗೆ ರಕ್ಷಣೆಯಿಲ್ಲ ಎಂದು ನಾನು ಯಾರಿಗೂ ಹೇಳಿಲ್ಲ. ಯಾರನ್ನೂ ಕರೆದೂ ಇಲ್ಲ. ಮುಂದಿನ ವರ್ಷವೂ ಏಳು ದಿನ ಬಾಗಿಲು ಹಾಕುತ್ತೇನೆ. ಮೊದಲೇ ತಿಳಿಸುತ್ತೇನೆ, ಸಭೆಗೆ ಮೆತ್ತನೆಯ ಬ್ರೆಡ್ ಬೇರೆ ಕಡೆಯಿಂದ ತರಿಸಿಕೊಳ್ಳಲಿ.

ಶನಿವಾರ ಊರಿಗೆ ಮರಳುವ ಪ್ರಯಾಣದಲ್ಲಿ ದೇವರು ನಿನ್ನನ್ನು ಕಾಯಲಿ. ಕಿಟಕಿ ಪಕ್ಕ ಕೂತು ಗಂಟಲು ಕೆಡಿಸಿಕೊಳ್ಳಬೇಡ.

ಇಂತಿ ನಿನ್ನ ತಂಗಿ,
ಮೊಂಡಿ

ಬರೆಯುವುದು ಉಳಿದೇಹೋಯಿತು: ನಿನ್ನ ಕಾಗದವನ್ನು ಸಹಿಯಿಲ್ಲದೆ ಇದರ ಜೊತೆಗೇ ಹಿಂದಿರುಗಿಸುತ್ತಿದ್ದೇನೆ. ಭಾನುವಾರ ನಾನು ಮೊದಲ ಬೆಂಚಿನಲ್ಲೇ ಕೂತಿರುತ್ತೇನೆ. ತಟ್ಟೆ ಹಿಡಿದು ನೀನು ಬಂದಾಗ ಎಲ್ಲರ ಹಾಗೆ ಕೈಯೊಡ್ಡುತ್ತೇನೆ. ಆ ದಿನ ತಟ್ಟೆಯನ್ನು ಬೇರೆಯವರ ಕೈಗೆ ಕೊಟ್ಟು ತಪ್ಪಿಸಿಕೊಳ್ಳಬೇಡ ಅಣ್ಣಾ. ನನಗೆ ಕೊಡದೆ ಮುಂದೆ ಹೋಗುವುದಾದರೆ ನೀನೇ, ನನ್ನ ಮುಖ ನೋಡಿ ಹೋಗು.