ಮಾತು ಬಿಟ್ಟ ಎತ್ತುಗಳು

ಎಂ.ಕೆ. ಹುಬ್ಬಳ್ಳಿ
೧೨-೧-೧೯೭೭

ಮಾನ್ಯ ಡಾಕ್ಟರ್ ಸಾಹೇಬರಿಗೆ ನೀಲಪ್ಪನ ನಮಸ್ಕಾರಗಳು.

ತಾವು ಕೊಟ್ಟ ಗುಳಿಗೆ ನಾಟಿದೆ. ಮೊದಲು ಕಬ್ಬಿನ ಬಂಡಿಯ ಎತ್ತುಗಳು ಮಂಜಿನೊಳಗಿಂದ ಬಂದು ನನ್ನೊಡನೆ ಪ್ರಾಸದಲ್ಲಿ ಮಾತಾಡುತ್ತಿದ್ದವು. ಈಗ ಬರೀ ಸಗಣಿ ಹಾಕಿ ಹೋಗುತ್ತವೆ. ಬಿ.ಎ. ಓದಿದ ನನಗಿಂತ ಅವುಗಳ ಪ್ರಾಸವೇ ಶುದ್ಧವಾಗಿತ್ತು:

“ಹೊಳಿ ಕರದೈತಿ ಬಾರೋ ನೀಲಾ,
ತಳದಾಗ ಐತಿ ಮುತ್ತಿನ ಮಾಲಾ.”

ಅದನ್ನು ಕೇಳಿ ನಾನು ಮಲಪ್ರಭೆಗೆ ಇಳಿದದ್ದು, ಹೆಂಡತಿ ಬಾಯವ್ವ ಕೂದಲು ಹಿಡಿದು ದಂಡೆಗೆ ಎಳೆದದ್ದು ತಮಗೆ ಗೊತ್ತೇ ಇದೆ. ಆದರೂ ಎತ್ತುಗಳು ಮಾತು ಬಿಟ್ಟ ಮೇಲೆ ಒಳಗೆಲ್ಲ ಬಿಕೋ ಎನ್ನುತ್ತದೆ. ಒಂದು ಎತ್ತಾದರೂ ಮಾತಾಡುವಷ್ಟು ಗುಳಿಗೆ ಕಡಿಮೆ ಮಾಡಲು ಬರುತ್ತದೆಯೇ ಎಂದು ತಮ್ಮನ್ನು ಕೇಳಬೇಕೆಂದಿದ್ದೆ.

ನಿನ್ನೆ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನುಂಗದೆ ಕುಳಿತಿದ್ದೆ. ಬಾಯವ್ವ ಎದುರಿಗೆ ಬಂದು ನಿಂತಳು. “ಎತ್ತು ಮಾತಾಡದಿದ್ರ ನಾ ಮಾತಾಡತೇನಿ, ಕೇಳ್ರಿ” ಎಂದು ಒಲೆಯ ಕಡೆ ನೋಡುತ್ತ ಪದ ಕಟ್ಟಿದಳು:

“ಹೊಳಿ ಕರದ್ರ ಹೋಗಬ್ಯಾಡ್ರಿ ನೀವು,
ಮನ್ಯಾಗ ಐತಿ ಬಿಸಿ ರೊಟ್ಟಿ.”

ಪ್ರಾಸ ಎಲ್ಲಿಯೂ ಕೂಡಲಿಲ್ಲ. ನಾನು ತಿದ್ದಲಿಲ್ಲ. ಗುಳಿಗೆ ನುಂಗಿ ಊಟಕ್ಕೆ ಕುಳಿತೆ.

ಮುಂದಿನ ತಿಂಗಳಿಗೂ ಅಷ್ಟೇ ಗುಳಿಗೆ ಕಳಿಸಿರಿ. ಇವತ್ತು ಮುಂಜಾನೆ ಮಂಜಿನಲ್ಲಿ ಬಂಡಿಗಳು ಹೋದವು. ಒಂದು ಎತ್ತು ತಿರುಗಿ ನೋಡಿತು. ನಾನೇ ಮಾತಾಡಿಸಲಿಲ್ಲ.

ತಮ್ಮ ವಿಧೇಯ,
ನೀಲಪ್ಪ